ಎಂಬತ್ತು ಸ್ಲೈಡ್ ಮುಗಿಯಿತು, ಯಾರೂ ಏನೂ ಕೇಳಲಿಲ್ಲ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಾಸನದ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷ ಲೈಬ್ರರಿ ನೋಡಿಕೊಂಡು ಈಗ ನಿವೃತ್ತಿಯಾಗಿ ಮನೆಯಲ್ಲಿದ್ದೇನೆ. ಸಂಪಾದಕರು ಒಂದು ಕಟ್ಟು ಪತ್ರ ಕಳಿಸಿ "ಮೇಡಂ, ಇವಕ್ಕೆಲ್ಲ ನೀವೇ ಉತ್ತರ ಬರೀಬೇಕು" ಅಂದರು. ಪತ್ರ ಅಂತ ಸುಮ್ನೆ ಹೇಳೋದು, ಎಲ್ಲ ಮೇಲ್ ಮತ್ತು ವಾಟ್ಸಾಪ್ ಮೆಸೇಜೇ, ಸಕಲೇಶಪುರದ ಒಬ್ಬರು ಮಾತ್ರ ಇನ್‌ಲ್ಯಾಂಡ್ ಲೆಟರಿನಲ್ಲಿ ಬರೆದಿದ್ದಾರೆ. ಹೆಚ್ಚಿನವು ಎಂ.ಎ., ಎಂ.ಎಸ್ಸಿ., ಪಿಎಚ್.ಡಿ. ಮಕ್ಕಳಿಗೆ ಲೈಬ್ರರಿಯಲ್ಲಿ ಹುಡುಕೋದನ್ನು ಆನ್‌ಲೈನ್‌ನಲ್ಲಿ ಕಲಿಸುವ ಬಗ್ಗೆ. ಕೆಲವಕ್ಕೆ ಉದ್ದ ಉತ್ತರ, ಕೆಲವಕ್ಕೆ ನಾಲ್ಕೇ ಸಾಲು. ಬೇಜಾರು ಮಾಡಿಕೊಳ್ಳಬೇಡಿ.

*

ಪ್ರಶ್ನೆ: ನಾನು ಹಾಸನದ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್. ಪಿ.ಜಿ. ಮಕ್ಕಳಿಗೆ ಶನಿವಾರ ಎರಡು ಗಂಟೆ ಆನ್‌ಲೈನ್ ಕ್ಲಾಸ್ ಮಾಡಿ, ರಿಸರ್ಚಿಗೆ ಲೈಬ್ರರಿ ಬಳಸೋದು ಹೇಗೆ ಅಂತ ಹೇಳಿಕೊಡಿ ಎಂದು ಪ್ರಿನ್ಸಿಪಾಲರು ಹೇಳಿದರು. ಎಂಬತ್ತು ಸ್ಲೈಡ್ ಮಾಡಿದೆ. ಅರವತ್ತು ಜನ ಬಂದರು, ಎಲ್ಲರ ಕ್ಯಾಮೆರಾ ಆಫ್. ಕೊನೆಗೆ "ಡೌಟ್ ಇದೆಯಾ" ಅಂತ ಕೇಳಿದರೆ ಒಬ್ಬರೂ ಮಾತಾಡಲಿಲ್ಲ. ನನ್ನದು ಎಲ್ಲಿ ತಪ್ಪಿತು? – ಹಾಸನ

ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ಕ್ಷಮಿಸಿ. ಯಾಕೆಂದರೆ 2020ರಲ್ಲಿ ನಾನೂ ಇದನ್ನೇ ಮಾಡಿದ್ದೆ. ಒಂದೂವರೆ ಗಂಟೆ ಒಂದೇ ಉಸಿರಿನಲ್ಲಿ ಪಿಎಚ್.ಡಿ. ಥೀಸಿಸ್‌ಗಳ ಶೋಧಗಂಗಾ, ಕಾಲೇಜುಗಳಿಗೆ ಇ-ಜರ್ನಲ್ ಕೊಡುವ ಎನ್-ಲಿಸ್ಟ್, ಹಳೆಯ ಜರ್ನಲ್‌ಗಳ ಜೆಸ್ಟೋರ್, ಲೈಬ್ರರಿಗಳ ಜಾಲ ಡೆಲ್‌ನೆಟ್ ಅಂತ ಒಂದಾದ ಮೇಲೊಂದು ತೆಗೆದು ತೋರಿಸಿದೆ. ಯಾರದೋ ಮೈಕ್ ಆನ್ ಇತ್ತು, ಅವರ ಮನೆ ಕುಕ್ಕರ್ ಮೂರು ಸಲ ಕೂಗಿತು, ಅದೊಂದೇ ನನಗೆ ಬಂದ ಪ್ರತಿಕ್ರಿಯೆ. ರಾತ್ರಿ ಒಬ್ಬ ಹುಡುಗ ಮೆಸೇಜ್ ಹಾಕಿದ: "ಮೇಡಂ, ಶೋಧಗಂಗಾ ಯೂಟ್ಯೂಬ್ ಚಾನೆಲ್ಲಾ?" ಅವನನ್ನು ಬೈಯೋಕೆ ಮನಸ್ಸು ಬರಲಿಲ್ಲ. ತೋರಿಸಿದ್ದು ನಾನು, ಆದರೆ ಅವನ ಕೈಯಲ್ಲಿ ಮಾಡಿಸಲಿಲ್ಲವಲ್ಲ.

ತಪ್ಪು ಅಲ್ಲೇ ಇರೋದು. ನಾವು ಲೈಬ್ರರಿಯವರು ನಮ್ಮಲ್ಲಿ ಏನೇನಿದೆ ಅಂತ ಪಟ್ಟಿ ಒಪ್ಪಿಸುತ್ತೇವೆ. ಮಕ್ಕಳಿಗೆ ಬೇಕಿರುವುದು ಪಟ್ಟಿ ಅಲ್ಲ. ಅವರ ತಲೆಯಲ್ಲಿ "ಹೊಯ್ಸಳರ ಬಗ್ಗೆ ಏನೋ ಮಾಡಬೇಕು" ಅನ್ನುವಂಥ ಒಂದು ಮಸುಕು ವಿಷಯ ಇರುತ್ತದೆ, ಅದನ್ನು ಹುಡುಕಬಹುದಾದ ಒಂದು ಪ್ರಶ್ನೆ ಮಾಡಿಕೊಳ್ಳೋದು ಹೇಗೆ, ಆ ಪ್ರಶ್ನೆಯೊಳಗಿಂದ ಹುಡುಕುವ ಪದಗಳನ್ನು ಹೆಕ್ಕೋದು ಹೇಗೆ ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ. ವೆಬ್‌ಸೈಟಿನ ಮುಖ ವರ್ಷಕ್ಕೊಂದು ಸಲ ಬದಲಾಗುತ್ತದೆ. ಇವತ್ತು ಬಲಗಡೆ ಇದ್ದ ಬಟನ್ ನಾಳೆ ಎಡಗಡೆ ಇರುತ್ತದೆ. ಪದ ಹೆಕ್ಕೋದು ಒಂದು ಸಲ ಬಂದರೆ ಯಾವ ಸೈಟಿಗೆ ಹೋದರೂ ಕೈಹಿಡಿಯುತ್ತದೆ. ನಿಮಗಿರುವ ಸಮಯದಲ್ಲಿ ಅರ್ಧಕ್ಕೂ ಜಾಸ್ತಿ ಇದಕ್ಕೇ ಕೊಡಿ ಅಂತ ನನ್ನ ಹಟ.

ಹೇಗೆ ಅಂತೀರಾ? ಮೊದಲು ಅರವತ್ತು ಜನರನ್ನು ಒಟ್ಟಿಗೆ ಕೂರಿಸಬೇಡಿ. ಎಂ.ಕಾಂ. ಹುಡುಗಿಗೂ ಪ್ರಾಣಿಶಾಸ್ತ್ರದ ಹುಡುಗನಿಗೂ ಒಂದೇ ಉದಾಹರಣೆ ಕೊಟ್ಟರೆ ಇಬ್ಬರಲ್ಲಿ ಒಬ್ಬರು ನಿದ್ದೆ ಹೋಗುತ್ತಾರೆ. ಹದಿನೈದರಂತೆ ನಾಲ್ಕು ಗುಂಪು ಮಾಡಿ, ಒಂದೊಂದಕ್ಕೂ ನಲವತ್ತೈದು ನಿಮಿಷ ಸಾಕು. ಕ್ಲಾಸಿಗೆ ಎರಡು ದಿನ ಮುಂಚೆ ಪ್ರತಿಯೊಬ್ಬರಿಂದ ಅವರ ವಿಷಯವನ್ನು ಒಂದೇ ಸಾಲಿನಲ್ಲಿ ತರಿಸಿಕೊಳ್ಳಿ. ಸ್ಲೈಡಿನಲ್ಲಿ ಹೇಳಬೇಕಾದ್ದನ್ನು, ಅಂದರೆ ಲಾಗಿನ್ ಎಲ್ಲಿ, ಪಾಸ್‌ವರ್ಡ್ ಹೇಗೆ ಇಂಥವನ್ನೆಲ್ಲ ಐದು ನಿಮಿಷದ ವಿಡಿಯೊ ಮಾಡಿ ಮೊದಲೇ ಕಳಿಸಿಬಿಡಿ. ಕ್ಲಾಸಿನಲ್ಲಿ ಸ್ಕ್ರೀನ್ ಶೇರ್ ಮಾಡಬೇಕಾದವರು ನೀವಲ್ಲ, ಮಕ್ಕಳು. ಒಬ್ಬರ ಸ್ಕ್ರೀನ್ ಎಲ್ಲರೂ ನೋಡಲಿ, ಅವರು ಹುಡುಕಲಿ, ತಪ್ಪಲಿ, ಸೊನ್ನೆ ಬರಲಿ. ಆ ಸೊನ್ನೆ ಬಂದ ಗಳಿಗೆಯೇ ನಿಮ್ಮ ಪಾಠದ ಗಳಿಗೆ. "ಈಗ ಯಾವ ಪದ ಬದಲಾಯಿಸೋಣ?" ಅಂತ ಉಳಿದವರನ್ನು ಕೇಳಿ, ಚಾಟ್‌ನಲ್ಲಿ ಬರೆಯಲಿ. ಮಾತಾಡೋಕೆ ನಾಚುವ ಮಕ್ಕಳು ಟೈಪ್ ಮಾಡೋಕೆ ನಾಚುವುದಿಲ್ಲ, ಇದು ನಾನು ಕಂಡುಕೊಂಡ ಸತ್ಯ.

ಒಂದು ಎಚ್ಚರಿಕೆ. ಮೊದಲೇ ತಾಲೀಮು ಮಾಡಿಕೊಂಡು ಬಂದ ಹುಡುಕಾಟವನ್ನು ತೋರಿಸಬೇಡಿ. ಮದುವೆ ಮನೆ ಎಲೆಯ ಹಾಗೆ ಎಲ್ಲ ಬಡಿಸಿಟ್ಟಂತೆ ರಿಸಲ್ಟ್ ಬಂದರೆ, ಮನೆಗೆ ಹೋಗಿ ತಾವು ಹುಡುಕಿದಾಗ ಏನೂ ಬರದ ಮಕ್ಕಳು ತಮ್ಮನ್ನೇ ದಡ್ಡರು ಅಂದುಕೊಳ್ಳುತ್ತಾರೆ. ನೀವೂ ಅವರ ಎದುರು ಒಂದೆರಡು ಸಲ ಸೋಲಿ.

ನಮ್ಮ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ ಅವರ ಐದು ಸೂತ್ರಗಳನ್ನು ನೀವೂ ಬಾಯಿಪಾಠ ಮಾಡಿಯೇ ಪಾಸಾದವರು. 1931ರಲ್ಲಿ ಬರೆದದ್ದು. ನಾಲ್ಕನೆಯದು ಏನು? ಓದುಗರ ಸಮಯ ಉಳಿಸಿ ಅಂತ. ನಿಮ್ಮ ಎಂಬತ್ತು ಸ್ಲೈಡನ್ನು ಒಮ್ಮೆ ಈ ಸೂತ್ರದ ಮುಂದೆ ಹಿಡಿದು ನೋಡಿ. ನನ್ನವನ್ನು ನಾನು ಹಿಡಿದು ನೋಡಿದೆ, ಹನ್ನೊಂದು ಉಳಿದವು.

*

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟಿಗೆ ನಮ್ಮ ಕಾಫಿ ಗಿಡದ ಕಾಂಡಕೊರಕ ಹುಳದ ಬಗ್ಗೆ ಮಾಡುತ್ತಿದ್ದೇನೆ. ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ "ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಾಫಿಗೆ ಕಾಂಡಕೊರಕದಿಂದ ಆಗುವ ತೊಂದರೆ" ಅಂತ ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಹಾಕಿದರೆ ಏನೇನೋ ಬರುತ್ತದೆ. ಆನ್‌ಲೈನ್ ಕ್ಲಾಸಿನಲ್ಲಿ ಸರ್ ಮಾಡಿದಾಗ ಸರಿಯಾಗಿ ಬಂತು. – ಮೂಡಿಗೆರೆ

ಉತ್ತರ: ನೋಡಿದ್ರಾ, ಮೇಲೆ ಹೇಳಿದ್ದೇ ಇದು, ಸರ್ ಮಾಡಿದರೆ ಬರುತ್ತದೆ!

ಮೊದಲು ವಾಕ್ಯ ಮುರಿಯಮ್ಮ. ನಿನ್ನ ವಿಷಯದಲ್ಲಿ ಮೂರೇ ಗಟ್ಟಿ ಕಾಳು ಇವೆ: ಹುಳ, ಬೆಳೆ, ಊರು. "ಆಗುವ ತೊಂದರೆ" ಅನ್ನುವುದು ಜಳ್ಳು, ತೂರಿಬಿಡು. ಒಂದೊಂದು ಕಾಳಿಗೂ ಬೇರೆ ಯಾವ್ಯಾವ ಹೆಸರಿದೆ ಅಂತ ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ ಬರೆದುಕೋ. ಹುಳಕ್ಕೆ ಇಂಗ್ಲಿಷಿನಲ್ಲಿ ವೈಟ್ ಸ್ಟೆಮ್ ಬೋರರ್. ಅಷ್ಟೇ ಅಲ್ಲ, ಅದರ ವೈಜ್ಞಾನಿಕ ಹೆಸರು ಕ್ಸೈಲೋಟ್ರೆಕಸ್ ಕ್ವಾಡ್ರಿಪೆಸ್. ಇದೇ ನಿನ್ನ ಬ್ರಹ್ಮಾಸ್ತ್ರ, ಯಾಕೆಂದರೆ ವಿಯೆಟ್ನಾಮಿನವರು ಬರೆಯಲಿ, ಥಾಯ್ಲೆಂಡಿನವರು ಬರೆಯಲಿ, ಈ ಹೆಸರು ಹಾಗೇ ಇರುತ್ತದೆ. ಬೆಳೆಗೆ ಕಾಫಿ ಅಂತ ಹಾಕು, ಅರೇಬಿಕಾ ಅಂತಲೂ ಹಾಕು. ಈ ಹುಳ ರೊಬಸ್ಟಾಕ್ಕಿಂತ ಅರೇಬಿಕಾವನ್ನೇ ಜಾಸ್ತಿ ಕಾಡೋದು ನಿಮ್ಮ ತೋಟದಲ್ಲೇ ನೋಡಿರುತ್ತೀಯ.

ಊರಿನ ಹೆಸರಿನಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ಚಿಕ್ಕಮಗಳೂರು ಅಂತ ಪೂರ್ತಿ ಬರೆಯೋದು ಶುರುವಾಯಿತು. ಅದಕ್ಕೆ ಮುಂಚಿನ ಲೇಖನಗಳಲ್ಲಿ ಚಿಕ್‌ಮಗಳೂರ್, ಅದರಲ್ಲೂ ಕೆಲವರು ನಡುವೆ ಒಂದು ಸಿ ಸೇರಿಸುತ್ತಾರೆ, ಕೆಲವರು ಬಿಡುತ್ತಾರೆ. ಇನ್ನೂ ಹಿಂದೆ ಹೋದರೆ ಆ ಹೆಸರೇ ಇಲ್ಲ, 1947ರವರೆಗೆ ನಿಮ್ಮದು ಕಡೂರು ಜಿಲ್ಲೆ. ಕಾಫಿಯ ಹಳೆಯ ವರದಿ ಬೇಕಾದವರು ಕಡೂರು ಅಂತ ಹುಡುಕದಿದ್ದರೆ ಅರ್ಧ ಚರಿತ್ರೆಯೇ ಕಣ್ಣಿಗೆ ಬೀಳುವುದಿಲ್ಲ. ಸಕಲೇಶಪುರದ ಕಡೆ ಮಾಡುವವರಿಗೆ ಮಂಜರಾಬಾದ್ ಅನ್ನುವ ಹೆಸರು ಹಾಗೆಯೇ. ನಮ್ಮ ಹಾಸನದವರ ಪಾಡು ಇನ್ನೂ ತಮಾಷೆ. ಇಂಗ್ಲಿಷಿನಲ್ಲಿ ಬರೀ ಹಾಸನ ಅಂತ ಹಾಕಿದರೆ ಹಸನ್ ಅನ್ನುವ ಹೆಸರಿನ ಲೇಖಕರೆಲ್ಲ ಸಾಲಾಗಿ ಬಂದು ನಿಲ್ಲುತ್ತಾರೆ, ಮೊರಾಕ್ಕೊದ ರಾಜನೂ ಬರುತ್ತಾನೆ. ಅದಕ್ಕೇ "ಹಾಸನ ಡಿಸ್ಟ್ರಿಕ್ಟ್" ಅಂತ ಎರಡೂ ಪದ ಸೇರಿಸಿ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು.

ಈಗ ಕಟ್ಟೋದು. ಎರಡು ಮೂರು ಪದ ಸೇರಿ ಒಂದು ಹೆಸರಾದರೆ ಉದ್ಧರಣ ಚಿಹ್ನೆ. ಒಂದೇ ಕಾಲಂನ ಹೆಸರುಗಳ ನಡುವೆ ಇಂಗ್ಲಿಷಿನ ಆರ್ (OR, ಅಂದರೆ ಅಥವಾ), ದೊಡ್ಡಕ್ಷರದಲ್ಲಿ. ಕಾಲಂ ಕಾಲಂಗಳ ನಡುವೆ ಆ್ಯಂಡ್ (AND, ಅಂದರೆ ಮತ್ತು). ಮೊದಲು ಹುಳ ಮತ್ತು ಬೆಳೆ ಮಾತ್ರ ಹಾಕಿ ನೋಡು, ಊರು ಬೇಡ. ಜಾಸ್ತಿ ಬಂದರೆ ಆಮೇಲೆ ಊರು ಸೇರಿಸು. ಎಲ್ಲರೂ ಮೊದಲೇ ಊರು ಹಾಕಿ, ಬಾಗಿಲು ಹಾಕಿಕೊಂಡು, ಒಳಗೆ ಯಾರೂ ಇಲ್ಲ ಅಂತ ಅಳುತ್ತಾರೆ.

ಒಂದು ಒಳ್ಳೆಯ ಲೇಖನ ಸಿಕ್ಕಿತೋ, ಅದರ ಕೆಳಗೆ "ಸೈಟೆಡ್ ಬೈ" ಅಂತ ಇರುತ್ತದೆ. ಒತ್ತು. ಆ ಲೇಖನವನ್ನು ಆಮೇಲೆ ಯಾರ್ಯಾರು ಬಳಸಿಕೊಂಡಿದ್ದಾರೆ ಅನ್ನುವುದೆಲ್ಲ ಬರುತ್ತದೆ. ಲೇಖನದ ಕೊನೆಯ ರೆಫರೆನ್ಸ್ ಪಟ್ಟಿ ಹಿಂದಕ್ಕೆ ಕರೆದುಕೊಂಡು ಹೋಗುತ್ತದೆ, ಇದು ಮುಂದಕ್ಕೆ.

ಇನ್ನೊಂದು. ಬಾಳೆಹೊನ್ನೂರಿನ ಹತ್ತಿರದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಲ್ಲಿ ಶುರುವಾದದ್ದು, ನಿಮ್ಮ ಜಿಲ್ಲೆಯಲ್ಲೇ ಇದೆ. ಹಳೆಯದೆಲ್ಲ ನೆಟ್‌ನಲ್ಲಿ ಬರಲಿ ಅಂತ ಕಾಯಬೇಡ. ಗೈಡ್ ಹತ್ತಿರ ಒಂದು ಪತ್ರ ಬರೆಸಿಕೊಂಡು ಒಂದು ದಿನ ಬಸ್ ಹತ್ತು.

*

ಪ್ರಶ್ನೆ: ಕನ್ನಡ ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಸೇರಿದ್ದೇನೆ. ಬೇಲೂರು ಸುತ್ತಿನ ವೀರಗಲ್ಲುಗಳು ನನ್ನ ವಿಷಯ. ಕೋರ್ಸ್ ವರ್ಕಿನ ಆನ್‌ಲೈನ್ ತರಗತಿಯಲ್ಲಿ ಕೊಟ್ಟ ಉದಾಹರಣೆಗಳೆಲ್ಲ ಇಂಗ್ಲಿಷ್, ವಿಜ್ಞಾನ. ಕನ್ನಡದಲ್ಲಿ ಟೈಪ್ ಮಾಡಿ ಹುಡುಕಿದರೆ ಶೋಧಗಂಗಾದಲ್ಲಿ ಬಹಳ ಕಮ್ಮಿ ಸಿಗುತ್ತದೆ. ಕನ್ನಡದಲ್ಲಿ ಕೆಲಸವೇ ಆಗಿಲ್ಲವೇ? – ಬೇಲೂರು

ಉತ್ತರ: ಬೇಕಾದಷ್ಟು ಆಗಿದೆ. ಕಾಣುತ್ತಿಲ್ಲ ಅಷ್ಟೇ. ಕಾಣದಿರುವುದಕ್ಕೆ ಕಾರಣ ಹೇಳುತ್ತೇನೆ, ಇದನ್ನು ಪಾಠ ಮಾಡುವವರೂ ಹೆಚ್ಚಾಗಿ ಹೇಳುವುದಿಲ್ಲ.

ನಮ್ಮಲ್ಲಿ ಬಹಳ ವರ್ಷ ಥೀಸಿಸ್ ಟೈಪ್ ಆಗಿದ್ದು ನುಡಿ, ಬರಹ ಅನ್ನುವ ಸಾಫ್ಟ್‌ವೇರ್‌ಗಳ ಹಳೆಯ ಫಾಂಟುಗಳಲ್ಲಿ. ಅವು ಕಣ್ಣಿಗೆ ಕನ್ನಡ. ಕಂಪ್ಯೂಟರಿಗೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆ ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ, ಗೊತ್ತಾಗುತ್ತದೆ. ನೀವು ಈಗ ಫೋನಿನಲ್ಲಿ ಟೈಪ್ ಮಾಡೋದು ಯುನಿಕೋಡ್. ಎರಡೂ ಒಂದಕ್ಕೊಂದು ಗುರುತೇ ಹಿಡಿಯುವುದಿಲ್ಲ. ಇನ್ನು ಸ್ಕ್ಯಾನ್ ಮಾಡಿ ಹಾಕಿದ ಥೀಸಿಸ್ ಬರೀ ಫೋಟೊ ಇದ್ದ ಹಾಗೆ, ಒಳಗಿನ ಒಂದು ಪದವೂ ಹುಡುಕಾಟಕ್ಕೆ ಸಿಗದು. ಉಳಿಯೋದು ಶೀರ್ಷಿಕೆ, ಲೇಖಕ, ಗೈಡ್ ಹೆಸರು ಮಾತ್ರ. ಅದನ್ನೂ ಒಬ್ಬರು ಕನ್ನಡದಲ್ಲಿ ತುಂಬಿಸಿರುತ್ತಾರೆ, ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿರುತ್ತಾರೆ, ಇನ್ನೊಬ್ಬರು ಅನುವಾದವನ್ನೇ ಹಾಕಿರುತ್ತಾರೆ. ಹಾಗಾಗಿ ಮೂರೂ ಥರ ಹುಡುಕಿ. ವೀರಗಲ್ಲು, ವೀರಗಲ್, ವೀರಕಲ್ಲು, ಇಂಗ್ಲಿಷಿನಲ್ಲಿ ಹೀರೋ ಸ್ಟೋನ್, ಮೆಮೋರಿಯಲ್ ಸ್ಟೋನ್. ಹಳೇಬೀಡಿಗೆ ದೋರಸಮುದ್ರ, ದ್ವಾರಸಮುದ್ರ ಎರಡನ್ನೂ ಹಾಕಿ. ಕಾಲೇಜು ಲೈಬ್ರರಿಯ ಕ್ಯಾಟಲಾಗಿನಲ್ಲೂ ಇದೇ ಕಥೆ, ಒಂದೇ ಚೆನ್ನಕೇಶವನಿಗೆ ನಾಲ್ಕು ಸ್ಪೆಲ್ಲಿಂಗ್ ಇರುವುದನ್ನು ನಾನೇ ನೋಡಿದ್ದೇನೆ, ಅದರಲ್ಲಿ ಎರಡು ನಾನೇ ಟೈಪ್ ಮಾಡಿದ್ದು.

ಹುಡುಕೋದು ಕೈಕೊಟ್ಟರೆ ಸುತ್ತಾಡಿ. ಶೋಧಗಂಗಾದಲ್ಲಿ ವಿಶ್ವವಿದ್ಯಾಲಯ, ಅದರೊಳಗೆ ವಿಭಾಗ ಅಂತ ಕಪಾಟಿನ ಹಾಗೆ ಜೋಡಿಸಿದ್ದಾರೆ. ಮೈಸೂರು, ಕುವೆಂಪು, ಹಂಪಿ ಕನ್ನಡ ವಿಶ್ವವಿದ್ಯಾಲಯದ ವಿಭಾಗಗಳಿಗೆ ಹೋಗಿ ಶೀರ್ಷಿಕೆಗಳ ಮೇಲೆ ಸುಮ್ನೆ ಕಣ್ಣಾಡಿಸುತ್ತಾ ಹೋಗಿ, ಲೈಬ್ರರಿಯಲ್ಲಿ ಕಪಾಟಿನ ಮುಂದೆ ನಿಂತು ನೋಡುತ್ತೀರಲ್ಲ ಹಾಗೆ. ಅಲ್ಲಿ ಥೀಸಿಸ್ ಅಧ್ಯಾಯ ಅಧ್ಯಾಯವಾಗಿ ಬೇರೆ ಬೇರೆ ಫೈಲ್ ಆಗಿರುತ್ತದೆ. ನನ್ನ ಸಲಹೆ, ಮೊದಲ ಅಧ್ಯಾಯ ತೆರೆಯಬೇಡಿ. ಕೊನೆಯ ಗ್ರಂಥಋಣ ತೆರೆಯಿರಿ. ನಿಮಗಿಂತ ಮೊದಲು ಆ ದಾರಿಯಲ್ಲಿ ನಾಲ್ಕೈದು ವರ್ಷ ನಡೆದವರು ಏನೇನು ಓದಿದ್ದಾರೆ ಅಂತ ಹತ್ತು ಪುಟದಲ್ಲಿ ಸಿಗುತ್ತದೆ.

ನಿಮ್ಮ ವಿಷಯಕ್ಕೆ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕ ಬಿಟ್ಟರೆ ಆಗೋದಿಲ್ಲ. ಅದನ್ನು ಮೊದಲು ಸಂಪಾದಿಸಿದ ಬಿ.ಎಲ್. ರೈಸ್ ಅವರ ಹಾಸನ ಜಿಲ್ಲೆಯ ಸಂಪುಟ 5ನೆಯದು, 1902ರದ್ದು. ಕಡೂರು ಜಿಲ್ಲೆಯದು 6ನೆಯದು, 1901. ಎರಡೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಆದರೆ ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟದ ಸಂಖ್ಯೆಗಳೇ ಬೇರೆ. ಬೇಲೂರು ಹಳೆಯದರಲ್ಲಿ 5, ಹೊಸದರಲ್ಲಿ 9. ಯಾವ ಆವೃತ್ತಿ ಅಂತ ಬರೆಯದೆ ಬರೀ ಸಂಪುಟ, ಸಂಖ್ಯೆ ಹಾಕಿದರೆ ಓದುವವರು ಬೇರೆ ಊರಿನ ಕಲ್ಲಿನ ಮುಂದೆ ಹೋಗಿ ನಿಲ್ಲುತ್ತಾರೆ. ಮತ್ತೆ, ರೈಸ್‌ನಲ್ಲಿ ಇಲ್ಲ ಅಂದ ಮಾತ್ರಕ್ಕೆ ಶಾಸನವೇ ಇಲ್ಲ ಅಂತಲ್ಲ. ನಿಮ್ಮ ತಾಲ್ಲೂಕಿನದೇ ಹಲ್ಮಿಡಿ ಶಾಸನ ಅದರಲ್ಲಿಲ್ಲ, ಆಗಿನ್ನೂ ಅದು ಗೊತ್ತೇ ಇರಲಿಲ್ಲ. ಅದಕ್ಕೆ ಮೈಸೂರು ಪುರಾತತ್ವ ಇಲಾಖೆಯ 1936ರ ವಾರ್ಷಿಕ ವರದಿ ನೋಡಬೇಕು. ಹೀಗೆ ಒಂದು ಆಕರದಿಂದ ಇನ್ನೊಂದಕ್ಕೆ ದಾಟೋದನ್ನು ಆನ್‌ಲೈನ್ ತರಗತಿಯಲ್ಲಿ ಕನ್ನಡದ ಮಕ್ಕಳಿಗೆ ಕನ್ನಡದ್ದೇ ಉದಾಹರಣೆ ಇಟ್ಟು ಕಲಿಸಬೇಕು. ನಿಮ್ಮ ವಿಭಾಗದವರಿಗೆ ಈ ಪುಟ ಕತ್ತರಿಸಿ ಕೊಡಿ.

*

ಪ್ರಶ್ನೆ: ಮಗಳು ಪಿಎಚ್.ಡಿ. ಮಾಡುತ್ತಿದ್ದಾಳೆ. ಬೆಳಗ್ಗೆಯಿಂದ ಸಂಜೆವರೆಗೆ ಲ್ಯಾಪ್‌ಟಾಪ್ ಮುಂದೆ. ಕೇಳಿದರೆ "ಅಮ್ಮ, ಲೈಬ್ರರಿಯಲ್ಲಿದ್ದೀನಿ" ಅಂತಾಳೆ. ನಂಬಬೇಕಾ? – ಸಕಲೇಶಪುರ

ಉತ್ತರ: ಇನ್‌ಲ್ಯಾಂಡ್ ಲೆಟರ್ ನಿಮ್ಮದೇ ಅಲ್ವಾ ತಾಯಿ, ಅಕ್ಷರ ಬಹಳ ಚೆನ್ನಾಗಿದೆ. ನಂಬಿ. ಆದರೆ ಸಂಜೆ ಕಾಫಿ ಕೊಡುವಾಗ "ಇವತ್ತು ಏನು ಸಿಕ್ತು, ಏನು ಸಿಗಲಿಲ್ಲ" ಅಂತ ಕೇಳಿ. ಏನು ಸಿಗಲಿಲ್ಲ ಅಂತ ಹೇಳೋಕೆ ಬಂದರೆ ನಿಜವಾಗಲೂ ಲೈಬ್ರರಿಯಲ್ಲೇ ಇದ್ದಾಳೆ. ಎಲ್ಲ ಸಿಕ್ತು ಅಂದರೆ ಸ್ವಲ್ಪ ಅನುಮಾನ ಪಡಿ.

*

ಪ್ರಶ್ನೆ: ನಾನು ಪಿಎಚ್.ಡಿ. ಗೈಡ್. ಈಚೆಗೆ ವಿದ್ಯಾರ್ಥಿಗಳು ತರುವ ರೆಫರೆನ್ಸ್ ಪಟ್ಟಿ ನೋಡಲು ಅಚ್ಚುಕಟ್ಟು. ಹುಡುಕಿದರೆ ಅಂಥ ಲೇಖನವೇ ಇರುವುದಿಲ್ಲ. ಎಐ ಚಾಟ್‌ಬಾಟ್ ಬರೆದುಕೊಟ್ಟದ್ದು. ನಿಷೇಧಿಸಿದರೆ ಕದ್ದು ಬಳಸುತ್ತಾರೆ. ಇದನ್ನು ದೂರದಿಂದ ಹೇಗೆ ಕಲಿಸುವುದು? – ಚಿಕ್ಕಮಗಳೂರು

ಉತ್ತರ: ನಿಷೇಧ ಬೇಡ ಸರ್. ಅವರ ಕೈಯಿಂದಲೇ ಕಳ್ಳನನ್ನು ಹಿಡಿಸಿ.

ನಾನು ನಿವೃತ್ತಿಗೆ ಮುಂಚೆ ಒಂದು ಆಟ ಮಾಡುತ್ತಿದ್ದೆ. ಐದು ರೆಫರೆನ್ಸ್ ಚಾಟ್‌ನಲ್ಲಿ ಹಾಕೋದು. ಮೂರು ನಿಜ, ಎರಡು ಸುಳ್ಳು. ಹತ್ತು ನಿಮಿಷ ಟೈಮ್. ಮೈಕ್ ಆನ್ ಮಾಡದ ಮಕ್ಕಳೂ ಅವತ್ತು ಕೂಗಾಡಿದರು. ಹಿಡಿಯುವ ದಾರಿ ಏನು? ಡಿಒಐ ಇದ್ದರೆ, ಅಂದರೆ 10 ಅಂತ ಶುರುವಾಗುವ, ಲೇಖನದ ಆ ಉದ್ದ ಗುರುತಿನ ಸಂಖ್ಯೆ ಇದ್ದರೆ, ಡಿಒಐ ಸೈಟಿನಲ್ಲಿ ಹಾಕಿ ನೋಡೋದು. ಅಲ್ಲಿ ಏನೂ ಸಿಗದಿದ್ದರೆ, ಅಥವಾ ಕೋಳಿ ಸಾಕಣೆಯ ಬೇರೆ ಲೇಖನ ತೆರೆದುಕೊಂಡರೆ, ಮುಗಿಯಿತು. ಡಿಒಐ ಇಲ್ಲದ ಹಳೆಯ ಲೇಖನವಾದರೆ ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕೋದು. ಆಮೇಲೆ ಆ ಜರ್ನಲಿನ ಆ ಸಂಪುಟ, ಆ ಸಂಚಿಕೆಯ ಪರಿವಿಡಿಗೆ ಹೋಗಿ ಆ ಪುಟದಲ್ಲಿ ಯಾರು ಕೂತಿದ್ದಾರೆ ನೋಡೋದು. ಈ ಮೂರನೆಯ ಹೆಜ್ಜೆಯನ್ನು ಯಾರೂ ಕಲಿಸುವುದಿಲ್ಲ, ಆದರೆ ಸುಳ್ಳು ಸಿಕ್ಕಿಬೀಳೋದು ಹೆಚ್ಚಾಗಿ ಇಲ್ಲೇ. ಚಾಟ್‌ಬಾಟಿಗೆ ನಿಜವಾದ ಜರ್ನಲ್ ಹೆಸರೂ ಗೊತ್ತು, ಆ ವಿಷಯದಲ್ಲಿ ನಿಜವಾಗಿ ಬರೆಯುವವರ ಹೆಸರೂ ಗೊತ್ತು. ಎರಡನ್ನೂ ಸೇರಿಸಿ ಇಲ್ಲದ ಮದುವೆ ಮಾಡಿಸಿಬಿಡುತ್ತದೆ.

ಅದರಿಂದ ಉಪಯೋಗವೇ ಇಲ್ಲ ಅಂತ ನಾನು ಹೇಳೋದಿಲ್ಲ. "ಈ ವಿಷಯಕ್ಕೆ ಬೇರೆ ಯಾವ ಪದ ಬಳಸುತ್ತಾರೆ" ಅಂತ ಕೇಳಿದರೆ ಒಳ್ಳೆಯ ಪಟ್ಟಿ ಕೊಡುತ್ತದೆ. ಮೂಡಿಗೆರೆಯ ಹುಡುಗಿಯ ಮೂರು ಕಾಲಂ ತುಂಬೋಕೆ ಅದು ಸಾಕು. ಲೇಖನದ ಹೆಸರು ಕೇಳಿದಾಗಲೇ ತೊಂದರೆ.

ಒಂದು ವಿಷಯ ಕೋರ್ಸ್ ವರ್ಕಿನವರಿಗೆ ನೀವೇ ಹೇಳಬೇಕು. ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಕೃತಿಚೌರ್ಯ ನಿಯಮ 2018ರದ್ದು. ಅದರಲ್ಲಿ 10 ಶೇಕಡಾದವರೆಗಿನ ಹೋಲಿಕೆಗೆ ದಂಡ ಇಲ್ಲ ಅಂತಿದೆ. ಮಕ್ಕಳು ಇದನ್ನು 10 ಶೇಕಡಾ ಕದಿಯಬಹುದು ಅಂತ ಅರ್ಥ ಮಾಡಿಕೊಂಡಿದ್ದಾರೆ! ಸಾಫ್ಟ್‌ವೇರ್ ಹೋಲಿಕೆ ಎಣಿಸುತ್ತದೆ, ಇಲ್ಲದ ಲೇಖನವನ್ನು ಉಲ್ಲೇಖಿಸಿದ್ದು ಅದರ ಕಣ್ಣಿಗೆ ಬೀಳಲೇಬೇಕು ಅಂತಿಲ್ಲ. ಜರ್ನಲಿನ ವಿಷಯದಲ್ಲೂ ಅಷ್ಟೇ. ಒಪ್ಪಿತ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿ ನೋಡಿ ಕಣ್ಣುಮುಚ್ಚಿ ನಂಬುವ ಕಾಲ ಇತ್ತು, 2025ರಲ್ಲಿ ಅದನ್ನು ಕೈಬಿಟ್ಟರು. ಈಗ ಪ್ರತಿ ಜರ್ನಲನ್ನೂ ನಾವೇ ತೂಗಿ ನೋಡಬೇಕು: ಸಂಪಾದಕ ಮಂಡಳಿಯಲ್ಲಿ ಯಾರಿದ್ದಾರೆ, ಮೂರು ದಿನದಲ್ಲಿ ಪ್ರಕಟಿಸುತ್ತೇವೆ ಅಂತ ಹಣ ಕೇಳುತ್ತಾರಾ, ಹಳೆಯ ಸಂಚಿಕೆ ಓದೋಕೆ ಸಿಗುತ್ತಾ ಅಂತ. ಇದಕ್ಕೇ ಒಂದು ಪೂರ್ತಿ ಕ್ಲಾಸ್ ಇಡಿ ಸರ್.

*

ಪ್ರಶ್ನೆ: ಬೇಕಾದ ಲೇಖನ ಸಿಗುತ್ತದೆ, ತೆರೆದರೆ ಮೂರು ಸಾವಿರ ರೂಪಾಯಿ ಕಟ್ಟಿ ಅನ್ನುತ್ತದೆ. ಅಬ್‌ಸ್ಟ್ರ್ಯಾಕ್ಟ್ (ಸಾರಾಂಶ) ಓದಿಯೇ ಬರೆಯಬಹುದಾ? – ಅರಕಲಗೂಡು

ಉತ್ತರ: ಹಣ ಕಟ್ಟಬೇಡಿ, ಅಬ್‌ಸ್ಟ್ರ್ಯಾಕ್ಟ್ ಮಾತ್ರ ಓದಿ ಬರೆಯಲೂಬೇಡಿ. ನಿಮ್ಮದು ಸರ್ಕಾರಿ ಸಂಸ್ಥೆಯಾ ಅಂತ ಮೊದಲು ನೋಡಿ. ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಅಂತ ಕೇಂದ್ರದ ಯೋಜನೆ ಇದೆ, 2024ರ ನವೆಂಬರ್‌ನಲ್ಲಿ ಒಪ್ಪಿಗೆಯಾಯಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಜರ್ನಲ್. ಕೇಂದ್ರ, ರಾಜ್ಯ ಸರ್ಕಾರಗಳ ಉನ್ನತ ಶಿಕ್ಷಣ ಸಂಸ್ಥೆಯವರಿಗೆ. ನಿಮ್ಮ ಲೈಬ್ರೇರಿಯನ್ ಹತ್ತಿರ ಹೋಗಿ ಲಾಗಿನ್ ಕೇಳಿ, ಬಂದಿಲ್ಲ ಅಂದರೆ ಯಾಕೆ ಬಂದಿಲ್ಲ ಅಂತಲೂ ಕೇಳಿ. ಅನುದಾನಿತ ಕಾಲೇಜಾದರೆ ಎನ್-ಲಿಸ್ಟ್ ಇದೆಯಾ ನೋಡಿ. ಎಷ್ಟೋ ಕಾಲೇಜು ದುಡ್ಡು ಕಟ್ಟಿ, ಪಾಸ್‌ವರ್ಡನ್ನು ಬೀರುವಿನಲ್ಲಿ ಬೀಗ ಹಾಕಿಟ್ಟುಕೊಂಡಿರುತ್ತವೆ.

ಯಾವುದೂ ಇಲ್ಲವಾ, ಗೂಗಲ್ ಸ್ಕಾಲರ್‌ನಲ್ಲಿ ಆ ಲೇಖನದ ಕೆಳಗೆ "ಆಲ್ ವರ್ಷನ್ಸ್" ಒತ್ತಿ. ಲೇಖಕರೇ ತಮ್ಮ ವಿಶ್ವವಿದ್ಯಾಲಯದ ಸೈಟಿನಲ್ಲಿ ಬಿಟ್ಟಿ ಪ್ರತಿ ಇಟ್ಟಿರುವುದುಂಟು. ಅದೂ ಇಲ್ಲವಾದರೆ ಲೇಖಕರಿಗೆ ನಾಲ್ಕು ಸಾಲು ಮೇಲ್ ಬರೆಯಿರಿ. ತಮ್ಮ ಲೇಖನ ಅರಕಲಗೂಡಿನಲ್ಲಿ ಒಬ್ಬರು ಓದುತ್ತಾರೆ ಅಂದರೆ ಯಾರಿಗೆ ಖುಷಿ ಆಗೋದಿಲ್ಲ ಹೇಳಿ.

*

ಪ್ರಶ್ನೆ: ನಮ್ಮ ಕಡೆ ಜೂನ್ ಬಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅರ್ಧ ಮಕ್ಕಳ ಹತ್ತಿರ ಫೋನ್ ಮಾತ್ರ. ಆನ್‌ಲೈನ್ ಕ್ಲಾಸ್ ಅಂದರೆ ನಗುತ್ತಾರೆ. – ಕೊಪ್ಪ

ಉತ್ತರ: ನಗಲಿ ಬಿಡಿ, ಮಲೆನಾಡಿನ ಮಳೆಗೆ ತಕ್ಕ ಕ್ಲಾಸ್ ಮಾಡಿ. ಎಲ್ಲರೂ ಒಂದೇ ಹೊತ್ತಿಗೆ ಕೂರಬೇಕು ಅನ್ನೋದನ್ನೇ ಬಿಟ್ಟುಬಿಡಿ. ಸೋಮವಾರ ಮೂರು ನಿಮಿಷದ ಆಡಿಯೊ, ಜೊತೆಗೆ ನಾಲ್ಕು ಸ್ಕ್ರೀನ್‌ಶಾಟ್, ವಾಟ್ಸಾಪ್‌ನಲ್ಲಿ. ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿದಾಗ ಇಳಿಸಿಕೊಳ್ಳುತ್ತಾರೆ. ಕೆಲಸ ಒಂದೇ ಒಂದು ಕೊಡಿ, ಒಂದು ವಾರ ಟೈಮ್ ಕೊಡಿ. ಅದರಲ್ಲೂ ಅರ್ಧ ಕೆಲಸ ನೆಟ್ ಇಲ್ಲದೆ ಆಗುವಂಥದ್ದಿರಲಿ. ಪದಗಳ ಮೂರು ಕಾಲಂ ಬರೆಯೋಕೆ ಕಾಗದ, ಪೆನ್ನು, ಬೇಕಾದರೆ ಸೀಮೆಎಣ್ಣೆ ಬುಡ್ಡಿ ಸಾಕು. ಹಾಳೆಯ ಫೋಟೊ ತೆಗೆದು ಕಳಿಸಲಿ, ನೀವು ಕೆಂಪು ಇಂಕಿನಲ್ಲಿ ತಿದ್ದಿದ ಹಾಗೆ ಆಡಿಯೊದಲ್ಲಿ ತಿದ್ದಿ. ಹೆಸರು ಹಿಡಿದು ಹೇಳಿ, "ನಿನ್ನ ಎರಡನೇ ಪದ ಚೆನ್ನಾಗಿದೆ" ಅಂತ. ಲೈವ್ ಕ್ಲಾಸಿನ ಅರವತ್ತು ಕಪ್ಪು ಚೌಕಕ್ಕಿಂತ ಇದೇ ಹತ್ತಿರದ ಪಾಠ ಅಂತ ನನಗನ್ನಿಸುತ್ತದೆ.

ರೆಫರೆನ್ಸ್ ಜೋಡಿಸೋಕೆ ಜೊಟೆರೊ ಅನ್ನುವ ಸಾಫ್ಟ್‌ವೇರ್ ಒಳ್ಳೆಯದು, ದುಡ್ಡಿಲ್ಲ, ಆದರೆ ಅದರ ಪೂರ್ತಿ ಪ್ರಯೋಜನ ಸಿಗೋದು ಕಂಪ್ಯೂಟರಿನಲ್ಲೇ. ಫೋನ್ ಮಾತ್ರ ಇರುವವರು ಸ್ಕಾಲರ್‌ನಲ್ಲಿ ನಕ್ಷತ್ರ ಒತ್ತಿ ಉಳಿಸಿಕೊಳ್ಳಲಿ, ಕಾಲೇಜಿಗೆ ಬಂದ ದಿನ ಜೊಟೆರೊಗೆ ಹಾಕಿಕೊಳ್ಳಲಿ.

*

ಪ್ರಶ್ನೆ: ಕ್ಲಾಸ್ ಮುಗಿದ ಮೇಲೆ ಹತ್ತು ಅಂಕದ ಆನ್‌ಲೈನ್ ಕ್ವಿಜ್ ಇಟ್ಟೆವು. ಎಲ್ಲರಿಗೂ ಒಂಬತ್ತು, ಹತ್ತು. ಆದರೆ ಸಿನಾಪ್ಸಿಸ್ (ಸಂಶೋಧನೆಯ ರೂಪರೇಖೆ) ನೋಡಿದರೆ ಏನೂ ಕಲಿತಂತಿಲ್ಲ. – ಕಡೂರು

ಉತ್ತರ: ಕ್ವಿಜ್‌ನಲ್ಲಿ "ಶೋಧಗಂಗಾ ಯಾರದು" ಅಂತ ಕೇಳಿರುತ್ತೀರಿ. ಇನ್‌ಫ್ಲಿಬ್‌ನೆಟ್ ಅಂತ ಪಕ್ಕದ ಟ್ಯಾಬ್‌ನಲ್ಲಿ ನೋಡಿ ಹಾಕಿರುತ್ತಾರೆ, ನಾನಾದರೂ ಹಾಗೇ ಮಾಡುತ್ತಿದ್ದೆ.

ಕ್ವಿಜ್ ಬದಲು ಹುಡುಕಾಟದ ಡೈರಿ ಬರೆಸಿ. ತಾರೀಖು, ಎಲ್ಲಿ ಹುಡುಕಿದೆ, ಯಾವ ಪದ ಹಾಕಿದೆ, ಎಷ್ಟು ಬಂತು, ಅದರಲ್ಲಿ ಎಷ್ಟು ಕೆಲಸಕ್ಕೆ ಬಂತು, ಮುಂದಿನ ಸಲ ಏನು ಬದಲಾಯಿಸಿದೆ, ಯಾಕೆ. ನೋಟ್‌ಬುಕ್ಕಿನಲ್ಲಾದರೂ ಸರಿ, ಶೀಟ್‌ನಲ್ಲಾದರೂ ಸರಿ, ಎರಡು ವಾರದ್ದು ಸಾಕು. "ಯಾಕೆ" ಅನ್ನುವ ಕಾಲಂಗೆ ಮಾತ್ರ ಅಂಕ ಕೊಡಿ. ಬೇರೆಯವರದ್ದು ನಕಲು ಮಾಡೋಕೆ ಆಗುವುದಿಲ್ಲ, ಯಾಕೆಂದರೆ ವಿಷಯ ಅವರವರದ್ದು. ನಾನು ನೋಡಿದ ಡೈರಿಗಳಲ್ಲಿ ಒಂದು ಇನ್ನೂ ನೆನಪಿದೆ. ಮೊದಲ ಐದು ದಿನ ಬರೀ ಸೊನ್ನೆ. ಆರನೇ ದಿನದ ಸಾಲು ಹೀಗಿತ್ತು: "ಇವತ್ತು ಚಿಕ್‌ಮಗಳೂರ್ ತೆಗೆದು ಕಡೂರು ಹಾಕಿದೆ. 14 ಬಂತು. ಅಮ್ಮನಿಗೆ ಹೇಳಿದೆ, ಅವಳಿಗೆ ಅರ್ಥ ಆಗಲಿಲ್ಲ, ಆದರೂ ಪಾಯಸ ಮಾಡಿದಳು."